ಹಲಸಿನಹಣ್ಣು ಬಚ್ಚಿಡಿ, ಸೂಜಿ ಡಾಕ್ಟ್ರು ಬಂದ್ರು

ನಾನು ಚಿಕ್ಕವಳಿದ್ದಾಗ, ಕಾಯಿಲೆ ಬಿದ್ದವರಿಗೆ ಸೂಜಿ ಹಾಕಿಸಿದರೆ ಮಾತ್ರ ಮನೆಯವರು ಚೆನ್ನಾಗಿ ನೋಡಿಕೊಂಡರು ಅಂತ ಲೆಕ್ಕ. ಮಾತ್ರೆ, ಕಷಾಯ ಎಲ್ಲ ಯಾರಿಗೂ ಬೇಡವಾದವರಿಗೆ. ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ, ಬಸ್ಸು ಓಡಾಡುವ ರಸ್ತೆಯ ಪಕ್ಕದ ಊರು ನಮ್ಮದು. ಅಲ್ಲಿಗೆ ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಒಬ್ಬ ಬರುತ್ತಿದ್ದ. ಯಾರೋ ಡಾಕ್ಟರ ಹತ್ತಿರ ಔಷಧಿ ಕಲಸಿಕೊಡುವ ಕೆಲಸ ಮಾಡಿ ಬಿಟ್ಟವನು. ಊರವರು ಸೂಜಿ ಡಾಕ್ಟ್ರು ಅನ್ನುತ್ತಿದ್ದರು. ಅವನ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಮರ್ಯಾದೆಗೆ ಅಂದುಕೊಳ್ಳಬೇಡಿ. ನಾನು ಕಲಿತದ್ದೇ ಮೂರನೇ ಕ್ಲಾಸಿನ ತನಕ. ಇರುವ ನಾಲ್ಕು ಅಕ್ಷರವನ್ನು ಅವನ ಹೆಸರಿಗೆ ಖರ್ಚು ಮಾಡಲಾರೆ.

ಅವನು ಜಗಲಿಯ ಮೇಲೆ ಕೂತು ಸ್ಪಿರಿಟ್ ದೀಪ ಹಚ್ಚಿ, ಸಣ್ಣ ಡಬ್ಬಿಯಲ್ಲಿ ಸೂಜಿ ಕುದಿಸುತ್ತಿದ್ದ. ಸ್ಪಿರಿಟ್ಟಿನ ವಾಸನೆ ಬಂದರೆ ಸಾಕು, ಮಕ್ಕಳೆಲ್ಲ ಸೇರುತ್ತಿದ್ದೆವು. ಪೆನ್ಸಿಲಿನ್ ಅಂದರೆ ಪುಟ್ಟ ಗಾಜಿನ ಬಾಟಲಿಯ ತಳದಲ್ಲಿ ಬಿಳಿ ಪುಡಿ. ಅದಕ್ಕೆ ನೀರು ಹಾಕಿ, ಅಂಗೈಯಲ್ಲಿ ಹೊರಳಿಸಿ, ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ ಎಳೆದುಕೊಳ್ಳುತ್ತಿದ್ದ. ಖಾಲಿ ಬಾಟಲಿ ಯಾರಿಗೆ ಅಂತ ನಮ್ಮಲ್ಲಿ ಜಗಳ. ನಿಮ್ಮಲ್ಲೂ ಕೆಲವರು ಅದರಲ್ಲಿ ಮಣ್ಣು ತುಂಬಿ ಅಂಗಡಿಯಾಟ ಆಡಿರುತ್ತೀರಿ.

ಆ ವರ್ಷ ಹಲಸಿನ ಕಾಲದಲ್ಲಿ ನನ್ನ ಕಾಲಿಗೆ ಜಾಲಿ ಮುಳ್ಳು ಹೊಕ್ಕು ಕೀವಾಯಿತು. ಹಿತ್ತಲಲ್ಲಿ ನಮ್ಮದೇ ಹಲಸಿನ ಮರ. ಅವ್ವನಿಗೆ ಹಲಸಿನಹಣ್ಣು ಅಂದರೆ ಪ್ರಾಣ. ಬೆಳಗಿನಿಂದ ಬಾಯಿ ಬಿಡದವಳು, ಕೈಗೆ ಹರಳೆಣ್ಣೆ ಸವರಿಕೊಂಡು ಹಣ್ಣು ಬಿಡಿಸಲು ಕೂತರೆ ಗುನುಗಲು ಶುರು ಮಾಡುತ್ತಿದ್ದಳು. ನಮಗೆ ಎರಡು ತೊಳೆ ಕೊಟ್ಟರೆ ತನ್ನ ಬಾಯಿಗೆ ಒಂದು. ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಅದನ್ನೂ ಆಡಿಕೊಳ್ಳುತ್ತಿದ್ದಳು. "ಮರುಕ್ಕೇ ಏಣಿ ಆಕ್ಬುಡು, ಅಲ್ಲೇ ಸಂಸಾರ ಮಾಡು."

ಸೂಜಿ ಡಾಕ್ಟ್ರು ನನಗೆ ಪೆನ್ಸಿಲಿನ್ ಚುಚ್ಚಿ, ಹಲಸು, ಬದನೆಕಾಯಿ, ಹುರುಳಿ ಮುಟ್ಟಿಸಬೇಡಿ ಅಂತ ಪಥ್ಯ ಹೇಳಿ ಹೋದ. ಅವ್ವ ನನಗೆ ಗಂಜಿ ಕೊಟ್ಟಳು. ನನಗೆ ಆಸೆಯಾದೀತು ಅಂತ ತಾನೂ ಅವತ್ತು ಹಣ್ಣು ಬಿಡಿಸಲಿಲ್ಲ. ಸಂಜೆಗೆ ನನಗೆ ಮೈಯೆಲ್ಲ ನವೆ ಹತ್ತಿತು. ಕೆರೆದಲ್ಲೆಲ್ಲ ಕೆಂಪಗೆ ಗಂಧೆ ಎದ್ದವು, ರೆಪ್ಪೆ ಊದಿ ಕಣ್ಣು ಮುಚ್ಚಿಹೋಯಿತು. ಅವ್ವ ಒರಟು ಕಂಬಳಿಯಲ್ಲಿ ನನ್ನ ಮೈ ಉಜ್ಜುತ್ತ ಕೂತಳು.

ಮಾರನೆಯ ದಿನ ಅಪ್ಪ ಪಕ್ಕದೂರಿಗೆ ಹೋಗಿ ಅವನನ್ನು ಕರೆತಂದ. ಅವನು ನನ್ನ ಮೈ ಸರಿಯಾಗಿ ನೋಡಲೇ ಇಲ್ಲ. ಮೂಲೆಯಲ್ಲಿ ಗೋಣಿ ಮುಚ್ಚಿಟ್ಟಿದ್ದ ಹಲಸಿನಹಣ್ಣು ನೋಡಿದ.

"ಔಷ್ದಿದೇನೂ ತಪ್ಪಿಲ್ಲ. ಪಥ್ಯ ಕೆಡಿಸ್ಬುಟ್ಟವ್ಳೆ. ಬಾಯಿ ಚಪಲುಕ್ಕೆ ತಾನೂ ತಿಂದು ಮಗೀಗೂ ತಿನ್ಸವ್ಳೆ," ಅಂದ.

ಅವ್ವ ಇಲ್ಲ ಅಂದಳು. ನಾನೂ ಇಲ್ಲ ಅಂದೆ. ತಾಯಿಯ ಪರ ಸುಳ್ಳು ಹೇಳುತ್ತದೆ ಮಗು ಅಂದರು. ಅವಳ ಹಲಸಿನ ಆಸೆ ಊರಿಗೇ ಗೊತ್ತಿತ್ತಲ್ಲ, ಯಾರು ನಂಬುತ್ತಾರೆ? ಅಜ್ಜಿ ನಿಂತ ಕಾಲಲ್ಲೇ ಅವ್ವನ ಕೈಯಿಂದ ಊದುಗೊಳವೆ ಕಿತ್ತುಕೊಂಡಳು.

"ಇನ್ಮ್ಯಾಕೆ ನನ್ ಒಲೆ ಮುಟ್ಬ್ಯಾಡ ನೀನು. ಎತ್ತ ಮಗೀನೇ ಕೊಲ್ಲಾಕೋದೋಳು."

ಒಲೆ ತಪ್ಪಿದ ಸೊಸೆಗೆ ಮನೆಯಲ್ಲಿ ಜಾಗ ಎಲ್ಲಿ? ಸಗಣಿ ಬಾಚುವುದು, ನೀರು ಹೊರುವುದು ಅವ್ವನ ಪಾಲಿಗೆ ಬಂತು. ಅಜ್ಜಿ ಹಾಕಿದ್ದನ್ನು ಬಾಗಿಲ ಪಕ್ಕ ಕೂತು ತಿನ್ನಬೇಕು. ಬಾವಿಯ ಹತ್ತಿರ ಹೆಂಗಸರು ಹಣ್ಣು ಸಿಹಿಯಾಗಿತ್ತಾ ಅಂತ ಕೇಳಿ ಕೇಳಿ ನಗುತ್ತಿದ್ದರು. ನನ್ನ ಕಾಲು ವಾಸಿಯಾದ ಮೇಲೆ ಅವಳನ್ನು ತೌರಿಗೆ ಕಳಿಸಿಬಿಡೋಣ ಅಂತ ಅಪ್ಪನಿಗೂ ಅಜ್ಜಿಗೂ ಮಾತಾಯಿತು. ಅದನ್ನು ನಾನು ಕೇಳಿಸಿಕೊಂಡೆ.

ಹಣ್ಣು ತಿಂದಿಲ್ಲ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಾದರೆ ಗಂಧೆ ಎಬ್ಬಿಸಿದ್ದು ಸೂಜಿಯೇ. ಮುಂದಿನ ವಾರ ಇನ್ನೊಂದು ಸೂಜಿ ಬಾಕಿಯಿತ್ತು. ಅವತ್ತು ಮಾಡುತ್ತೇನೆ ಇವನಿಗೆ ಅಂತ ಹಲ್ಲು ಕಚ್ಚಿ ಕಾದೆ.

ಹಿಂದಿನ ಸಂಜೆಯಿಂದಲೇ ಅಜ್ಜಿಯ ಸೆರಗು ಹಿಡಿದುಕೊಂಡೆ. ಅವಳ ಮಗ್ಗುಲಲ್ಲೇ ಮಲಗಿದೆ, ಅವಳು ಹಿತ್ತಲಿಗೆ ಹೋದರೆ ಕುಂಟಿಕೊಂಡು ಹಿಂದೆಯೇ ಹೋದೆ. ಬೆಳಿಗ್ಗೆ ಅಜ್ಜಿ ಮುದ್ದೆ ಕಟ್ಟಿ ತಟ್ಟೆಗಿಟ್ಟಳು. ಸೂಜಿ ಆದಮೇಲೆ ತಿನ್ನುತ್ತೇನೆ ಅಂದೆ. ಸೊಪ್ಪಿನ ಸಾರಿನ ವಾಸನೆ ಬಂದರೆ ಮುಖ ಆಚೆ ತಿರುಗಿಸಿಕೊಂಡೆ. ಅವ್ವ ನೀರು ಹಿಡಿದು ಬಂದರೆ ಅವಳನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವಳ ಮುಖ ಚಿಕ್ಕದಾಯಿತು. ವಿಷಯ ಹೇಳಿದ್ದರೆ ಬಿಡುತ್ತಿರಲಿಲ್ಲ. ಗಂಧೆ ಏಳುತ್ತವೆ, ಆಗ ಏನು ಹೇಳುತ್ತಾನೋ ನೋಡೋಣ ಅನ್ನುವುದಷ್ಟೇ ನನ್ನ ಲೆಕ್ಕ. ಸಾಯುವುದು ಆ ಲೆಕ್ಕದಲ್ಲಿ ಇರಲಿಲ್ಲ.

ಅವನು ಬೆಲ್ಲು ಬಾರಿಸಿಕೊಂಡು ಬಂದ, ಸೂಜಿ ಕುದಿಸಿದ, ಚುಚ್ಚಿದ. ಅಜ್ಜಿ ಕೊಟ್ಟ ಮಜ್ಜಿಗೆಯ ಲೋಟ ಅವನ ಕೈಯಲ್ಲಿರುವಾಗಲೇ ನನ್ನ ಅಂಗೈ ಉರಿಯಿತು. ತುಟಿ ದಪ್ಪವಾಯಿತು. ಗಂಟಲು ಬಿಗಿದು ಉಸಿರು ಸಿಳ್ಳೆಯ ಹಾಗೆ ಕೂಗಿತು. ಜಗಲಿಯಿಂದ ಕೆಳಗೆ ಬಿದ್ದೆ. ಕಣ್ಣು ಕತ್ತಲಾದರೂ ಕಿವಿ ಮಾತ್ರ ನೆಟ್ಟಗಿತ್ತು.

"ಇವತ್ತು ಏನ್ ತಿನ್ಸಿದ್ಲು ಇವ್ಳವ್ವ?" ಅಂದ ಅವನು.

ಅಜ್ಜಿ ಒಳಗೆ ಹೋಗಿ ತಟ್ಟೆ ತಂದು ಅವನ ಮುಂದೆ ಕುಕ್ಕಿದಳು. ಕಟ್ಟಿದ ಮುದ್ದೆ ಕಟ್ಟಿದ ಹಾಗೇ ಇತ್ತು.

"ನೆನ್ನೆ ಸಂದೇಲಿಂದ ನನ್ ಮಗ್ಗುಲಲ್ಲೇ ಅದೆ ಕೂಸು. ತೊಟ್ಟು ನೀರೂ ಕುಡ್ದಿಲ್ಲ. ಇನ್ನೇನ್ಲಾ ತಿಂದದೆ, ನಿನ್ ಸೂಜಿ ಬುಟ್ಟು?"

ಅವನು ಡಬ್ಬಿ ಮುಚ್ಚಿ ಸೈಕಲ್ ಹತ್ತಿದ. ಅವ್ವ ನನ್ನನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿ, ಬರುತ್ತಿದ್ದ ಬಸ್ಸಿಗೆ ಅಡ್ಡ ನಿಂತಳು. ಗದ್ದೆಯಿಂದ ಓಡಿಬಂದ ಅಪ್ಪ ಕೆಸರುಗಾಲಲ್ಲೇ ಬಸ್ಸು ಹತ್ತಿದ. ಹೊಳೆನರಸೀಪುರದ ಡಾಕ್ಟರು ಬೇರೊಂದು ಸೂಜಿ ಹಾಕಿ ನನ್ನ ಉಸಿರು ಉಳಿಸಿದರು. ಈ ಔಷಧಿ ಕೆಲವರ ಮೈಗೆ ಒಗ್ಗುವುದಿಲ್ಲ, ಮೊದಲ ಸಲ ಗಂಧೆ ಎದ್ದಾಗಲೇ ನಿಲ್ಲಿಸಬೇಕಿತ್ತು, ಮತ್ತೆ ಕೊಟ್ಟರೆ ಹೀಗೆ ಪ್ರಾಣಕ್ಕೇ ಬರುತ್ತದೆ, ಇನ್ನು ಬದುಕಿರುವ ತನಕ ಈ ಮಗುವಿಗೆ ಪೆನ್ಸಿಲಿನ್ ಕೊಡಿಸಕೂಡದು ಅಂದರು.

ಅವ್ವ ಒಂದೇ ಒಂದು ಮಾತು ಕೇಳಿದಳು. "ಅಲಸಿನಣ್ಣಿಂದ ಇಂಗಾಯ್ತದಾ ಸಾ?"

ಡಾಕ್ಟರು ನಕ್ಕುಬಿಟ್ಟರು. ಆ ನಗುವನ್ನು ಅಪ್ಪ ತಲೆ ತಗ್ಗಿಸಿಕೊಂಡು ಕೇಳಿದ.

ಮನೆಗೆ ಬಂದಾಗ ಅಜ್ಜಿ ತಪ್ಪಾಯಿತು ಅನ್ನಲಿಲ್ಲ. ಊದುಗೊಳವೆ ತಂದು ಅವ್ವನ ಮಡಿಲಿಗೆ ಹಾಕಿ, ಒಲೆ ಹೊಗೆಯುತ್ತಿದೆ ನೋಡು ಹೋಗು ಅಂದಳು. ಅವ್ವನಿಗೆ ಅಷ್ಟೇ ಸಾಕಾಯಿತು. ನನಗೆ ಸಾಕಾಗಲಿಲ್ಲ.

ಕೆಲವು ವಾರ ತಲೆಮರೆಸಿಕೊಂಡಿದ್ದವನು ಮತ್ತೆ ಬೆಲ್ಲು ಬಾರಿಸಿಕೊಂಡು ಬಂದ. ನಾನು ಕೂಡಿಟ್ಟಿದ್ದ ಖಾಲಿ ಬಾಟಲಿಗಳನ್ನೆಲ್ಲ ಹಂಚಿ ಊರ ಮಕ್ಕಳನ್ನು ತಯಾರು ಮಾಡಿದ್ದೆ. ಅವನು ಕೇರಿಗೆ ತಿರುಗಿದ್ದೇ ತಡ, ಎಲ್ಲ ಒಟ್ಟಿಗೆ ಕೂಗಿದೆವು. "ಅಲಸಿನಣ್ಣು ಬಚ್ಚಿಡ್ರಪ್ಪೋ, ಸೂಜಿ ಡಾಕ್ಟ್ರು ಬಂದ್ರು!" ಅವ್ವನನ್ನು ನೋಡಿ ನಕ್ಕ ಬಾವಿಯ ಹೆಂಗಸರೇ ಈಗ ಕೊಡ ಕೆಳಗಿಟ್ಟು ನಕ್ಕರು. ಅವನು ಬೆಲ್ಲು ಬಾರಿಸುವುದು ಬಿಟ್ಟ. ಕೂಗು ಪಕ್ಕದೂರಿಗೂ ಹಬ್ಬಿತು. ಈ ಕಡೆ ಬರುವುದನ್ನೇ ಬಿಟ್ಟ. ಚನ್ನರಾಯಪಟ್ಟಣದ ಹತ್ತಿರ ಎಲ್ಲೋ ದಿನಸಿ ಅಂಗಡಿ ಇಟ್ಟನಂತೆ. ಆ ಊರಿಗೆ ಮದುವೆಯಾಗಿ ಹೋದ ನನ್ನ ಗೆಳತಿ ಅಂಗಡಿ ಮುಂದೆ ನಿಂತು, ಹಲಸಿನಹಣ್ಣು ಇದೆಯಾ ಡಾಕ್ಟ್ರೇ ಅಂತ ಕೇಳಿಬಂದಳು. ಅದನ್ನು ಕೇಳಿ ಎಷ್ಟೋ ದಿನ ನನಗೆ ಸುಖವಾದ ನಿದ್ದೆ ಬಂತು.

ಅವನು ಪಾಪ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಔಷಧಿ ಒಗ್ಗದಿದ್ದರೆ ಅದು ಯಾರ ತಪ್ಪೂ ಅಲ್ಲ. ಗೊತ್ತಾಗಲಿಲ್ಲ ಅನ್ನಲು ಬಾಯಿ ಬಾರದೆ ನನ್ನವ್ವನ ತಲೆಗೆ ಕಟ್ಟಿದನಲ್ಲ, ಅದು ತಪ್ಪು.

ಈಗ ಹಾಸನದ ಆಸ್ಪತ್ರೆಗೆ ಹೋದರೆ ಮೊಮ್ಮಗಳ ವಯಸ್ಸಿನ ನರ್ಸು, ಯಾವ ಇಂಜೆಕ್ಷನ್ ಆಗಲ್ಲ ಅಜ್ಜಿ ಅಂತ ಮೊದಲೇ ಕೇಳುತ್ತಾಳೆ. ಪೆನ್ಸಿಲಿನ್ ಅಂತ ಸಾಲಿನಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಸೈಕಲ್ ಬೆಲ್ಲು ಹೋಯಿತು, ಸ್ಪಿರಿಟ್ ದೀಪ ಹೋಯಿತು, ಬಾಟಲಿಗೆ ಕಿತ್ತಾಡುವ ಮಕ್ಕಳೂ ಇಲ್ಲ. ಹೋದರೆ ಹೋಗಲಿ.

ಹೋಗಬಾರದಿದ್ದದ್ದು ಒಂದು ಹೋಯಿತು. ಸೂಜಿ ಡಾಕ್ಟ್ರು ಸತ್ತ ಸುದ್ದಿ ಬಂದದ್ದೂ ಹಲಸಿನ ಕಾಲದಲ್ಲೇ. ಸಂತೆಯಲ್ಲಿ ಒಳ್ಳೆಯ ಹಣ್ಣು ಆರಿಸಿಕೊಂಡು ತೌರಿಗೆ ಹೋದೆ. ನಾನೇ ಬಿಡಿಸಿ ಅವ್ವನ ಮುಂದೆ ತಟ್ಟೆ ಇಟ್ಟು, ಸತ್ತನಂತೆ, ಇನ್ನಾದರೂ ತಿನ್ನವ್ವ ಅಂದೆ. ನನ್ನ ಕಾಲಿಗೆ ಮುಳ್ಳು ಹೊಕ್ಕ ವರ್ಷದಿಂದೀಚೆಗೆ ಅವಳು ಹಲಸು ಬಾಯಿಗಿಟ್ಟಿದ್ದನ್ನು ನಾನು ನೋಡಿರಲಿಲ್ಲ. ಒಂದು ತೊಳೆ ಎತ್ತಿಕೊಂಡು ಮೂಸಿದಳು. ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅಜ್ಜಿ ಸತ್ತು ಎಷ್ಟೋ ಕಾಲವಾಗಿತ್ತು. ತೊಳೆಯನ್ನು ಮತ್ತೆ ತಟ್ಟೆಗೆ ಇಟ್ಟಳು.

"ನೀನೇ ತಿನ್ನು ಕಣವ್ವ. ಆಮ್ಯಾಕೆ ಯಾರಾರ ಏನಾರ ಅಂದಾರು."