ಭಾವನ ಮನೆಯ ಮೆಟ್ಟಿಲು

ಕಳೆದ ವಾರ ಶ್ರೀರಾಂಪುರದ ಹಿಟ್ಟಿನ ಗಿರಣಿಯ ಮುಂದೆ ಹೋಗುತ್ತಿದ್ದೆ. ಒಳಗೆ ಯಾರೋ ಹುರಿಹಿಟ್ಟು ಬೀಸಿಸುತ್ತಿದ್ದರು. ಅರಳಿದ ರಾಗಿಯ ಆ ಬಿಸಿ ವಾಸನೆಗೆ ಕಾಲು ನಿಂತುಬಿಟ್ಟಿತು. ವಾಸನೆ ನಂಬತಕ್ಕ ಸಾಕ್ಷಿಯಲ್ಲ ಎಂದು ನನಗೆ ಗೊತ್ತು. ಮೂವತ್ತು ವರ್ಷ ಹುಡುಗರಿಗೆ ತರ್ಕಶಾಸ್ತ್ರ ಪಾಠ ಹೇಳಿದವನು ನಾನು. ಆದರೂ ಗಿರಣಿಯ ಸದ್ದಿನ ನಡುವೆ ಕಂಡದ್ದು ಲಂಡನ್ನಿನ ಒಂದು ಬೀದಿ, ನಾಲ್ಕು ಕಲ್ಲು ಮೆಟ್ಟಿಲು, ಮೇಲಿನ ಮೆಟ್ಟಿಲಲ್ಲಿ ಜಮಖಾನೆ ಹಾಸಿ ಕೂತಿದ್ದ ನನ್ನ ಗೆಳೆಯ.

ಊರಿನ ಕಾಲೇಜು ಹಾಸ್ಟೆಲಿನಲ್ಲಿ ಮೂರು ವರ್ಷ ನಾವು ಒಂದೇ ಕೋಣೆಯಲ್ಲಿದ್ದೆವು. ಅವನ ಮನೆಯವರು ದಟ್ಟಗಳ್ಳಿಯಲ್ಲಿ ಬೇಸಾಯ ಮಾಡುತ್ತಿದ್ದರು. ಈಗ ಅಲ್ಲಿ ಮೇನು, ಕ್ರಾಸು ಹುಡುಕುತ್ತಾ ಆಟೋದವರು ಸುತ್ತುತ್ತಾರೆ. ಆಗ ಅವೆಲ್ಲ ರಾಗಿ ಹೊಲ. ಅವನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಗ್ರಂಥಾಲಯದಲ್ಲೂ ಹೊಲದ ಆಚೆ ಬದಿಗೆ ಕೇಳುವಂತೆಯೇ ಮಾತು. ಐವತ್ತರ ದಶಕದ ನಡುವೆ ಇಬ್ಬರಿಗೂ ವಿದ್ಯಾರ್ಥಿವೇತನ ಸಿಕ್ಕಿ ಲಂಡನ್ನಿಗೆ ಹೊರಡುವಂತಾಯಿತು. ಅವನು ವಿದ್ಯುತ್ ಯಂತ್ರಗಳನ್ನು ಓದಲು, ನಾನು ತತ್ವಶಾಸ್ತ್ರ ಓದಲು.

ಅವನಿಗೆ ಒಬ್ಬಳು ಅಕ್ಕ ಇದ್ದಳು. ಅವಳ ಗಂಡ ಮದುವೆಯಾದ ಎರಡನೇ ವರ್ಷ ಲಂಡನ್ನಿಗೆ ಓದಲು ಹೋದವನು, ಮೊದಲು ತಿಂಗಳಿಗೊಂದು ಕಾಗದ ಹಾಕುತ್ತಿದ್ದ, ಆಮೇಲೆ ವರ್ಷಕ್ಕೊಂದು, ಆಮೇಲೆ ಅದೂ ಇಲ್ಲ. ಅಕ್ಕ ತವರಿನಲ್ಲೇ ಉಳಿದಳು. ಶಾಲೆಗೆ ಮೇಷ್ಟ್ರಮ್ಮ ಆಗುವ ತರಬೇತಿಗೆ ಅರ್ಜಿ ಹಾಕಬೇಕೆಂದು ಅವಳ ಆಸೆ. ಮನೆಯ ಹಿರಿಯರದ್ದು ಒಂದೇ ಮಾತು, ಗಂಡ ಇವತ್ತಲ್ಲ ನಾಳೆ ಬರುತ್ತಾನೆ, ಕಾದಿರು ಎಂದು. ನಾವು ಹೊರಡುವ ದಿನ ಅವಳು ಬಟ್ಟೆಯ ಗಂಟಿನಲ್ಲಿ ಹುರಿಹಿಟ್ಟು, ಬೆಲ್ಲದಚ್ಚು ಕಟ್ಟಿಕೊಟ್ಟು ತಮ್ಮನಿಗೆ ಹೇಳಿದ್ದು ಇಷ್ಟೇ.

"ಬತ್ತರೋ ಇಲ್ವೋ, ಅಷ್ಟು ಕೇಳಿ ಬರೀಪ್ಪ. ಸಮಾಧಾನದ ಮಾತು ಬ್ಯಾಡ. ಅದು ಇಲ್ಲೇ ಬೇಕಾದಷ್ಟು ಸಿಕ್ತದೆ."

ಹಡಗಿನಲ್ಲಿ ನಾನು ಹೇಳಿದೆ, ದಾರಿಯ ಬಂದರಿನಿಂದ ನಿಮ್ಮ ಭಾವನಿಗೊಂದು ಕಾಗದ ಹಾಕು, ಅಲ್ಲಿ ಮುಂಚೆ ತಿಳಿಸದೆ ಯಾರೂ ಯಾರ ಮನೆಗೂ ಹೋಗುವುದಿಲ್ಲವಂತೆ ಎಂದು. ಅವನು ರೇಲಿಂಗಿಗೆ ಒರಗಿಕೊಂಡು ನಕ್ಕ.

"ನೆಂಟ್ರ ಮನೆಗೆ ಅರ್ಜಿ ಹಾಕ್ಕೊಂಡು ಓಯ್ತಾರೇನ್ಲಾ?"

ಅವನ ಲೆಕ್ಕದಲ್ಲಿ ಅದು ಅಕ್ಕನ ಮನೆ. ಹಾಸಿಗೆ ಸುತ್ತಿಕೊಂಡು ಹೋಗಿ ಬಾಗಿಲಲ್ಲಿ ನಿಂತರೆ ಕಾಲಿಗೆ ನೀರು ಕೊಡುತ್ತಾರೆ, ಊಟಕ್ಕೆ ಕರೆಯುತ್ತಾರೆ. ಹೀಗೆ ನಾವು ಲಂಡನ್ನಿನಲ್ಲಿ ಇಳಿದ ಬೆಳಗ್ಗೆಯೇ, ಒಂದು ಭಾನುವಾರ, ಹಾಸಿಗೆ ಸುತ್ತಿದ ಹೋಲ್ಡಾಲು ಹೊತ್ತುಕೊಂಡು ಆ ವಿಳಾಸ ಹುಡುಕುತ್ತಾ ಹೊರಟೆವು. ಮಂಜೋ ಹೊಗೆಯೋ ಗೊತ್ತಿಲ್ಲ, ಬೆಳಗಾಗಿದ್ದರೂ ದೀಪ ಉರಿಯುತ್ತಿತ್ತು. ಮನೆಗಳೆಲ್ಲ ಒಂದೇ ಥರ, ಒಂದಕ್ಕೊಂದು ಅಂಟಿಕೊಂಡು... ಬಾಗಿಲ ಬಣ್ಣವೊಂದು ಬೇರೆ. ಕೈ ಮರಗಟ್ಟಿ ಹೋಲ್ಡಾಲಿನ ಪಟ್ಟಿ ಹಿಡಿಯಲಾಗುತ್ತಿರಲಿಲ್ಲ. ಗೆಳೆಯ ಮಾತ್ರ ಸಂತೆಗೆ ಹೋಗುವವನಂತೆ ನಡೆಯುತ್ತಿದ್ದ.

ಬಾಗಿಲು ತೆಗೆದವನು ಭಾವನೇ. ನಮ್ಮನ್ನು ನೋಡಿದ, ಹೋಲ್ಡಾಲುಗಳನ್ನು ನೋಡಿದ, ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡ.

"ಬರೋಕ್ ಮುಂಚೆ ಒಂದು ಕಾಗದ ಹಾಕ್ಬಾರ್ದಿತ್ತೇನಪ್ಪ? ಇಲ್ಲಿ ಹೀಗೆಲ್ಲ ಬರೋ ಹಾಗಿಲ್ಲ. ನಾನಿರೋದು ಬಾಡಿಗೆ ಕೋಣೇಲಿ, ಮನೆ ಒಡತಿ ಒಪ್ಪಲ್ಲ. ಬುಧವಾರ ಆಚೆ ಎಲ್ಲಾದ್ರೂ ಕಾಫಿಗೆ ಸಿಗೋಣ," ಎಂದು ಗಂಟಿಗೆ ಕೈ ಚಾಚಿದ.

ಗೆಳೆಯ ಗಂಟನ್ನು ಕಂಕುಳಿಗೆ ಸೇರಿಸಿದ.

"ಇದು ಅಳಿಯಂಗೆ ಅಂತ ಮಾಡಿದ್ದು ಭಾವ. ನೀವು ಅಳಿಯ ಹೌದೋ ಅಲ್ವೋ ಗೊತ್ತಾಗೋ ಗಂಟ ಕೊಡಾಕಿಲ್ಲ. ಅಕ್ಕ ಕೇಳವ್ಳೆ, ಬತ್ತೀರೋ ಇಲ್ವೋ. ಹೂಂ ಅನ್ನಿ, ಊಹೂಂ ಅನ್ನಿ, ಓಯ್ತೀನಿ."

ಬಾಗಿಲು ಮುಚ್ಚಿತು. ಗೆಳೆಯ ಹೋಲ್ಡಾಲಿನ ಪಟ್ಟಿ ಬಿಚ್ಚಿ, ಜಮಖಾನೆ ತೆಗೆದು, ಮೆಟ್ಟಿಲ ಮೇಲೆ ಹಾಸಿ ಚಕ್ಕಳಮಕ್ಕಳ ಹಾಕಿ ಕೂತ.

ಇಲ್ಲಿಂದ ನನ್ನ ನೆನಪು ಎರಡಾಗುತ್ತದೆ. ನಾನೂ ಅವನ ಪಕ್ಕ ಕೂತೆ ಎಂದು ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಮಕ್ಕಳೆದುರು ಎಷ್ಟು ಸಲ ಹೇಳಿದ್ದೇನೋ. ಚರ್ಚಿನಿಂದ ಬರುವ ಜನ ನಮ್ಮನ್ನು ಬಳಸಿಕೊಂಡು ಹೋದರು, ಮನೆಯೊಡತಿ ಪೊಲೀಸರನ್ನು ಕರೆಯುತ್ತೇನೆಂದಳು, ನಾವು ಜಗ್ಗಲಿಲ್ಲ. ಕತೆ ಚೆನ್ನಾಗಿದೆ. ಆದರೆ ಪಾಠ ಹೇಳಿದ ಕ್ರಮದಲ್ಲೇ ಪರೀಕ್ಷಿಸಿದರೆ ಅದು ನಿಲ್ಲುವುದಿಲ್ಲ. ಪಕ್ಕದಲ್ಲಿ ಕೂತವನಿಗೆ ಗೆಳೆಯನ ಭುಜ ಕಾಣಬೇಕು, ಕಿವಿ ಕಾಣಬೇಕು. ನನಗೆ ಕಾಣುವುದು ಇಡೀ ಮೆಟ್ಟಿಲ ಸಾಲು, ಅದರ ಮೇಲೆ ಚಿಕ್ಕದಾಗಿ ಅವನು. ಕೊನೆಗೆ ಭಾವ ಹೊರಗೆ ಬಂದು ಏನೋ ಹೇಳಿದನಲ್ಲ, ಅದರ ಒಂದು ಪದವೂ ನನ್ನ ಬಳಿ ಇಲ್ಲ. ಗೆಳೆಯನ ದೊಡ್ಡ ದನಿ ಮಾತ್ರ ಇದೆ.

"ಬಾಯಲ್ಲಿ ಬ್ಯಾಡ ಭಾವ. ಬರ್ಕೊಡಿ."

ಅಂದರೆ ನಾನು ದೂರದಲ್ಲಿದ್ದೆ. ಬೀದಿಯ ಮೂಲೆಯಲ್ಲಿ, ಕೆಂಪು ಅಂಚೆಪೆಟ್ಟಿಗೆಯ ಪಕ್ಕ, ಆ ಮನುಷ್ಯನಿಗೂ ನನಗೂ ಸಂಬಂಧವಿಲ್ಲ ಎನ್ನುವಂತೆ ನಿಂತಿದ್ದೆ. ಹೊಸ ಕೋಟು ಹಾಕಿಕೊಂಡಿದ್ದೆ. ಜನ ನೋಡುತ್ತಿದ್ದರು.

ಭಾವ ಬರೆದುಕೊಟ್ಟ. ಬರುವುದಿಲ್ಲ, ತನಗಾಗಿ ಕಾಯುವುದು ಬೇಡ ಎಂದು ಕನ್ನಡದಲ್ಲಿ ಒಂದೇ ಸಾಲು, ಕೆಳಗೆ ರುಜು. ಗೆಳೆಯ ಅದನ್ನು ಎರಡು ಸಲ ಓದಿ ಜೇಬಿನಲ್ಲಿಟ್ಟು, ಹುರಿಹಿಟ್ಟಿನ ಗಂಟನ್ನು ಬಾಗಿಲಲ್ಲಿ ನಿಂತಿದ್ದ ಮನೆಯೊಡತಿಯ ಕೈಗೆ ಕೊಟ್ಟು ಇಳಿದು ಬಂದ. ಅವಳು ಅದನ್ನೇನು ಮಾಡಿದಳೋ! ಮೂಲೆಗೆ ಬಂದು ನನ್ನನ್ನು ನೋಡಿದಾಗ ಅವನು ಏನಾದರೂ ಅಂದನೇ ಎಂದು ಬಹಳ ಯೋಚಿಸಿದ್ದೇನೆ. ಅಂದಂತೆ ನೆನಪಿಲ್ಲ... ನನ್ನ ಹೋಲ್ಡಾಲನ್ನೂ ಅವನೇ ಎತ್ತಿಕೊಂಡ.

ಆ ಸಂಜೆ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಅವನು ಅಕ್ಕನಿಗೆ ಕಾಗದ ಬರೆಯುತ್ತಿದ್ದಾಗ, ಸ್ವಲ್ಪ ಮೆತ್ತಗೆ ಬರಿ ಮಾರಾಯ, ಒಂದೇ ಸಲ ಹೇಳಬೇಡ ಎಂದೆ.

"ಅವ್ಳೇನು ಮೆತ್ತಗೆ ಕೇಳಿದ್ಳೇನೋ?" ಎಂದು, ಭಾವನ ಚೀಟಿಯನ್ನೂ ಒಳಗಿಟ್ಟು ಲಕೋಟೆ ಅಂಟಿಸಿದ.

ಆ ಕಾಗದ ಹಿಡಿದುಕೊಂಡು ಅಕ್ಕ ಮನೆಯವರೆದುರು ನಿಂತಳಂತೆ. ಹಿರಿಯರು ಚೀಟಿಯನ್ನು ಸುಳ್ಳೆಂದರು, ತಮ್ಮನೇ ಬರೆಸಿದ್ದೆಂದರು. ಅವಳು ತಾಳಿ ತೆಗೆದು ಪೆಟ್ಟಿಗೆಗೆ ಹಾಕಿ ಮುಂದಿನ ಜೂನಿನಲ್ಲಿ ತರಬೇತಿಗೆ ಸೇರಿದಳು. ಅಶೋಕಪುರಂ ಕಡೆಯ ಒಂದು ಶಾಲೆಯಲ್ಲಿ ಅವಳ ಕೈಯಲ್ಲಿ ಅಕ್ಷರ ಕಲಿತವರು ಈಗಲೂ ದಾರಿಯಲ್ಲಿ ನಿಲ್ಲಿಸಿ ನಮಸ್ಕಾರ ಹೇಳುತ್ತಾರೆ. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದಳು.

ನಾವು ಊರಿಗೆ ಮರಳಿದ ಮೇಲೆ ಆಕೆಯೇ ಆ ಕಾಗದ ನನಗೆ ತೋರಿಸಿದ್ದು. ಅದರಲ್ಲಿ ಗೆಳೆಯನ ದಪ್ಪ ಅಕ್ಷರ: ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು, ನನ್ನ ಸ್ನೇಹಿತ ಕೊನೆಯವರೆಗೂ ಕದಲಲಿಲ್ಲ. ನಾನು ಓದಿ ಮಡಿಸಿ ಕೊಟ್ಟೆ. ನನ್ನ ಕತೆ ಹುಟ್ಟಿದ್ದು ಆ ದಿನ. ಎಷ್ಟೋ ಸಲ ಅವನೆದುರೇ ಹೇಳಿದ್ದೇನೆ. ಅವನು ತಿದ್ದಲಿಲ್ಲ. ಇನ್ನೊಂದು ಲೋಟ ಕಾಫಿ ತರಿಸುತ್ತಿದ್ದ.

ಹೋದ ವರ್ಷ ಅವನು ತೀರಿಕೊಂಡ. ಹನ್ನೊಂದನೆಯ ದಿನ ಬಂದವರೆಲ್ಲ ಅವನು ಸಾಧು, ಯಾರಿಗೂ ಎದುರಾಡಿದವನಲ್ಲ ಎಂದು ಮಾತಾಡಿಕೊಂಡರು. ನನಗೆ ರೇಗಿತು. ಸಾಧುವಲ್ಲ, ಮಹಾ ಹಟಮಾರಿ ಎಂದೆ. ಜನ ಮುಖ ಮುಖ ನೋಡಿಕೊಂಡರು. ಅಕ್ಕ ನಕ್ಕು, ಇವರಿಬ್ಬರೂ ನನಗಾಗಿ ಆ ಚಳಿಯಲ್ಲಿ ಕೂತಿದ್ದರು ಎಂದು ತಮ್ಮನ ಮೊಮ್ಮಕ್ಕಳಿಗೆ ಶುರುಮಾಡಿದಳು.

"ಇಲ್ಲಕ್ಕ. ನಾನು ಕೂತಿರಲಿಲ್ಲ. ಮೂಲೇಲಿ ನಿಂತಿದ್ದೆ," ಎಂದೆ.

ಅವಳ ಮುಖ ಬಿಗಿಯಾಯಿತು.

"ಸುಮ್ನಿರಪ್ಪ, ನಿಂಗೆ ವಯಸ್ಸಾಯ್ತು, ಮರೆವು. ಅವ್ನ ಕಾಗ್ದದಲ್ಲಿ ಒಂದು ಸಾಲು ಸುಳ್ಳಾದ್ರೆ ಮಿಕ್ಕಿದ್ದೂ ಸುಳ್ಳಾಗ್ಬೇಕಲ್ಲ? ಆ ಕಾಗ್ದ ನಂಬಿ ಬದುಕ್ದೋಳು ನಾನು. ನನ್ ತಮ್ಮ ಸುಳ್ಳು ಬರ್ಯೋನಲ್ಲ."

ಅಲ್ಲಿ ವಾದಿಸಲಿಲ್ಲ. ವಾದಿಸುವ ಹಕ್ಕು ಅಂಚೆಪೆಟ್ಟಿಗೆಯ ಪಕ್ಕದಲ್ಲೇ ಹೋಗಿತ್ತು. ಆದರೆ ಆ ಕಾಗದದಲ್ಲಿ ಅವನು ದಾನವಾಗಿ ಕೊಟ್ಟ ಅರ್ಧ ಜಮಖಾನೆ ನನಗೆ ಬೇಡ. ಚೀಟಿ ನಿಜ, ರುಜು ನಿಜ, ಅಕ್ಕನ ಬದುಕು ನಿಜ. ಅವನು ಒಬ್ಬನೇ ಕೂತಿದ್ದ. ಹೌದು ಎನ್ನಲು, ಅಥವಾ ಸುಮ್ಮನಿರೋ ಎಂದು ಬೀದಿಗೆಲ್ಲ ಕೇಳುವಂತೆ ಗದರಲು, ಈಗ ಅವನಿಲ್ಲ.