ನಗುವ ಮಗುವಿಗೆ ಚಂದಾ

ನಮ್ಮ ಬೀದಿಯ ಇಸ್ತ್ರಿ ಅಂಗಡಿಯವಳಿಗೆ ಸಿಡುಕತ್ತೆ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಸಿಕ್ಕರೆ ಕೈ ಮುಗಿಯಬೇಕು. ಅಷ್ಟು ಸರಿಯಾದ ಹೆಸರನ್ನು ಹೆತ್ತವರೂ ಇಟ್ಟಿರಲಾರರು. ಗುಂಡಿ ಕಿತ್ತುಹೋದ ಅಂಗಿ ತಂದರೆ ಬೈಗುಳ, ಜೇಬಿನಲ್ಲಿ ಚಿಲ್ಲರೆ ಮರೆತರೆ ಇನ್ನೂ ಜೋರು ಬೈಗುಳ. ಪಕ್ಕದಲ್ಲೇ ನನ್ನ ಹೊಲಿಗೆ ಅಂಗಡಿ ಇರುವುದರಿಂದ ನನ್ನ ಪಾಲು ನನಗೆ ದಿನವೂ ತಪ್ಪದೆ ಸಿಗುತ್ತಿತ್ತು.

ಇಂಥವಳ ಅಣ್ಣನಿಗೆ ಒಬ್ಬಳೇ ಮಗಳು. ಅಣ್ಣ ಲಾರಿ ಓಡಿಸುತ್ತಾನೆ, ಅತ್ತಿಗೆ ಕಾರ್ಖಾನೆಗೆ ಹೋಗುತ್ತಾಳೆ. ಹಗಲೆಲ್ಲ ಮಗು ಅತ್ತೆಯ ಅಂಗಡಿಯಲ್ಲೇ, ಬಟ್ಟೆಯ ಗಂಟುಗಳ ನಡುವೆ. ಅದು ಇದ್ದಕ್ಕಿದ್ದಂತೆ ಕಿಲಕಿಲ ನಗುತ್ತಿತ್ತು. ಊಟದ ಮಧ್ಯೆ, ಮಾತಿನ ಮಧ್ಯೆ, ನಿದ್ದೆಯಲ್ಲೂ. ಬೀದಿಗೆಲ್ಲ ಮುದ್ದೋ ಮುದ್ದು. ದೊಡ್ಡಾಸ್ಪತ್ರೆಯ ಡಾಕ್ಟರು ಮಾತ್ರ ಅದು ನಗುವಲ್ಲ, ಮೂರ್ಛೆರೋಗದ ಒಂದು ಬಗೆ ಎಂದರು. ಮೆದುಳಿನ ಆಳದಲ್ಲಿ ಸಣ್ಣದೊಂದು ಗೆಡ್ಡೆ. ಅದು ಕೆರಳಿದಾಗಲೆಲ್ಲ ಆ ನಗು. ಮಾತ್ರೆಗೆ ಬಗ್ಗುವುದಿಲ್ಲ. ಆಪರೇಷನ್ ಮಾಡದಿದ್ದರೆ ಮುಂದೆ ಬಿದ್ದು ಒದ್ದಾಡುವ ಮೂರ್ಛೆಯೂ ಬರಬಹುದು. ಅದಕ್ಕೆ ಬೇಕಾದ ಹಣ ಅಣ್ಣ ತಂಗಿ ಜೀವಮಾನವಿಡೀ ದುಡಿದರೂ ಕೂಡುವಂಥದ್ದಲ್ಲ.

ಚಂದಾ ಎತ್ತುವುದೆಂದಾಯಿತು. ಮಗುವನ್ನೂ ಕರೆದುಕೊಂಡು ಹೋದರೆ ಜನರ ಮನಸ್ಸು ಕರಗುತ್ತದೆ ಎಂದು ಬೀದಿಯವರೆಲ್ಲ ಬುದ್ಧಿ ಹೇಳಿದರು. ಮೊದಲು ಹೋಗಿದ್ದು ಬೇಕರಿ ಯಜಮಾನರ ಬಳಿಗೆ. ವ್ಯಾಪಾರಿಗಳ ಸಂಘಕ್ಕೆ ಅವರೇ ಅಧ್ಯಕ್ಷರು. ಅವರು ಹೂಂ ಎಂದರೆ ಇಡೀ ಪೇಟೆ ಕೈಬಿಚ್ಚಿ ಕೊಡುತ್ತದೆ. ಸಿಡುಕತ್ತೆ ಇನ್ನೂ ಬಾಯಿ ತೆರೆದಿರಲಿಲ್ಲ, ಮಗು ಕಿಲಕಿಲ ಎಂದಿತು.

“ಏನಮ್ಮಾ, ಇಷ್ಟು ಚೆನ್ನಾಗಿ ನಗೋ ಮಗೂಗೆ ಆಪರೇಷನ್ನಾ? ಮೊದ್ಲು ನಮ್ಮನೇಲಿ ಮುಖ ಊದಿಸ್ಕೊಂಡು ಕೂತಿರೋರಿಗೆ ಮಾಡಿಸ್ಬೇಕು.”

“ಅದು ನಗು ಅಲ್ಲ ಸ್ವಾಮಿ, ಅದೇ ಕಾಯಿಲೆ. ಡಾಕ್ಟ್ರು ಬರ್ಕೊಟ್ಟಿದ್ದಾರೆ, ನೋಡಿ.”

“ಚೀಟಿ ಯಾರು ಬೇಕಾದ್ರೂ ಬರ್ಕೊಡ್ತಾರೆ. ನಾಟಕ ಆಡ್ಬೇಡ.”

ಬೇರೆ ದಿನವಾಗಿದ್ದರೆ ಅವರ ಗ್ರಹಚಾರ ಬಿಡಿಸಿಬಿಡುತ್ತಿದ್ದಳು. ಅಂದು ತುಟಿ ಕಚ್ಚಿಕೊಂಡು ಹೊರಗೆ ಬಂದಳು. ಉಳಿದ ಅಂಗಡಿಗಳಲ್ಲೂ ಅದೇ ಕಥೆ. ಮಗುವಿನ ಕೆನ್ನೆ ಹಿಂಡಿ, ಚಾಕೊಲೇಟು ಕೊಟ್ಟು ಕಳಿಸಿದರು.

“ಇನ್ಮೇಲೆ ಇವಳನ್ನ ಯಾರ ಮುಂದೇನೂ ನಿಲ್ಲಿಸಲ್ಲ. ಇವಳೇನು ಆಟದ ಬೊಂಬೆನಾ?” ಎಂದು ನನ್ನ ಮೇಲೆ ಹಾರಾಡಿದಳು. ನನ್ನ ಮೇಲೇಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಒಂದು ಮಧ್ಯಾಹ್ನ ಬೇಕರಿ ಯಜಮಾನರು ತಮ್ಮ ಬಿಳಿ ಅಂಗಿಗಾಗಿ ಬಂದು ನಿಂತಿದ್ದರು. ಸಿಡುಕತ್ತೆ ಕಾಲರು ತಿಕ್ಕುತ್ತಿದ್ದಳು, ತಲೆಯೆತ್ತಿಯೂ ನೋಡಲಿಲ್ಲ. ಅಷ್ಟರಲ್ಲಿ ಮಗು ಬಿಸಿ ಇಸ್ತ್ರಿ ಪೆಟ್ಟಿಗೆಗೆ ಬೆರಳು ತಾಗಿಸಿಕೊಂಡು ಚಿಟ್ಟನೆ ಚೀರಿತು. ಅತ್ತೆ ಬೆರಳನ್ನು ನೀರಿನಲ್ಲಿ ಅದ್ದಿ ಹಿಡಿದಳು. ಮಗು ಬಿಕ್ಕಿ ಬಿಕ್ಕಿ ಅಳುತ್ತಿತ್ತು, ಆ ಅಳುವಿನ ನಡುವೆಯೇ ನಗು ಬಂತು. ಕಣ್ಣಲ್ಲಿ ನೀರು ಸುರಿಯುತ್ತಿದೆ, ಬೆರಳಲ್ಲಿ ಬೊಬ್ಬೆ ಏಳುತ್ತಿದೆ, ಬಾಯಿ ಮಾತ್ರ ಕಿಲಕಿಲ ಎನ್ನುತ್ತಿದೆ. ನಗು ನಿಂತ ಮೇಲೆ ಮಗು, “ಅತ್ತೇ, ಅದನ್ನ ನಿಲ್ಸು, ಬರ್ಬೇಡ ಅನ್ನು” ಎಂದು ಅವಳ ಮಡಿಲಲ್ಲಿ ಮುಖ ಹುದುಗಿಸಿತು.

ಯಜಮಾನರು ಬೆಂಚಿನ ಮೇಲಿದ್ದ ಬಟ್ಟೆಗಳ ಮೇಲೆಯೇ ಕುಸಿದು ಕೂತರು.

“ತಪ್ಪಾಯ್ತು ಕಣಮ್ಮ. ಇನ್ನು ನೀನು ಯಾರ ಹತ್ರಾನೂ ಹೋಗ್ಬೇಡ. ನಾನು ಹೋಗ್ತೀನಿ.”

“ಮೊದ್ಲು ಅಲ್ಲಿಂದ ಏಳಿ. ಈಗಷ್ಟೇ ಇಸ್ತ್ರಿ ಮಾಡಿಟ್ಟಿದ್ದು,” ಎಂದಳು ಸಿಡುಕತ್ತೆ.

ಅವರು ಹೋದರು, ನಿಜವಾಗಿಯೂ ಹೋದರು. ಕಂಡದ್ದನ್ನು ಹೇಳುತ್ತ ಪೇಟೆಯೆಲ್ಲ ಸುತ್ತಿದರು. ಲಾರಿಯವರೂ ಕೈಜೋಡಿಸಿದರು, ಆಸ್ಪತ್ರೆಯವರೂ ಒಂದಿಷ್ಟು ಬಿಟ್ಟುಕೊಟ್ಟರು. ಶಾಲೆ ಶುರುವಾಗುವ ಮೊದಲೇ ಆಪರೇಷನ್ ಆಯಿತು.

ಮಗು ಮನೆಗೆ ಬಂದ ಮೇಲೂ ನಮಗೆ ಜೀವದಲ್ಲಿ ಜೀವವಿರಲಿಲ್ಲ. ಕಾದು ನೋಡಬೇಕು ಎಂದಿದ್ದರು ಡಾಕ್ಟರು. ಒಂದು ಬೆಳಿಗ್ಗೆ ಅದು ನನ್ನ ಅಂಗಡಿಯ ನಿಲುವುಗನ್ನಡಿಯಲ್ಲಿ ತನ್ನ ಬೋಳುತಲೆ ಕಂಡು ದೊಡ್ಡ ಬಾಯಿ ತೆಗೆದು ಅಳತೊಡಗಿತು. ಸಿಡುಕತ್ತೆ ಓಡಿ ಬಂದಳು, ಆದರೆ ಎತ್ತಿಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು ಕಿವಿಗೊಟ್ಟು ಕೇಳಿದಳು. ನಾನು ಸಮಾಧಾನ ಮಾಡಲು ಹೋದರೆ, “ಸುಮ್ನಿರ್ರೀ!” ಎಂದು ಗದರಿದಳು. ಮಗು ಅತ್ತಿತು, ಸಾಕಾಗುವಷ್ಟು ಅತ್ತಿತು. ಮಧ್ಯೆ ಆ ಕಿಲಕಿಲ ಬರಲಿಲ್ಲ. ಕೊನೆಗೆ ಮೂಗೊರೆಸಿಕೊಂಡು, “ಕೂದ್ಲು ಯಾವಾಗ ಬರುತ್ತೆ?” ಎಂದಿತು.

ಸಿಡುಕತ್ತೆ ಬೀದಿಗೆ ಓಡಿ, ಬೇಕರಿಯ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದಳು.

“ಯಜಮಾನ್ರೇ, ಅತ್ತಳು! ಪೂರ್ತಿ ಅತ್ತಳು ಕಣ್ರೀ!”