ಹಳೆಯ ಪುಟದಲ್ಲಿ ಉಳಿದ ಹುಡುಗಿ

ಗೋಕಾಕದ ಒಂದು ವಧು-ವರರ ಮಾಹಿತಿ ಕೇಂದ್ರದಲ್ಲಿ ನಾನು ಕೆಲಸಕ್ಕಿದ್ದೆ. ಅದರ ವೆಬ್‌ಸೈಟನ್ನು ಒಬ್ಬಳೇ ಕಟ್ಟಿದ್ದೆ. ಊರೂರಿಗೆ ಇಂಟರ್ನೆಟ್ ಅಂಗಡಿಗಳು ಬಂದ ಕಾಲವದು. ಮೂಡಲಗಿ, ಹುಕ್ಕೇರಿ ಕಡೆಯ ಮನೆತನದವರು ಅಲ್ಲಿ ಕುಳಿತು ಹುಡುಗ-ಹುಡುಗಿಯರ ಫೋಟೋ, ವಿವರ ನೋಡುತ್ತಿದ್ದರು. ಆದರೆ ಸೈಟು ಬಹಳ ನಿಧಾನ. ಯಾರು ತೆರೆದರೂ ಸರ್ವರ್ ಎಲ್ಲರ ವಿವರ ತುಂಬಿದ ಡೇಟಾಬೇಸನ್ನೆಲ್ಲ ತಡಕಿ, ಪುಟವನ್ನು ಹೊಸದಾಗಿ ಕಟ್ಟಿಕೊಡಬೇಕಿತ್ತು.

ಆಗ ಹುಕ್ಕೇರಿಯಿಂದ ಒಬ್ಬ ಹುಡುಗಿ ಬಂದು ಕೆಲಸಕ್ಕೆ ಸೇರಿದಳು. ಬಂದ ವಾರದಲ್ಲೇ, "ಅಕ್ಕಾರ, ಅದ ಪುಟಾನ ಮತ್ತ ಮತ್ತ ಯಾಕ ಕಟ್ಟೂದ್ರಿ? ಒಮ್ಮೆ ಕಟ್ಟಿದ್ದನ್ನ ತಗದಿಟ್ಟು, ಎಲ್ಲಾರಿಗೂ ಅದನ್ನ ತೋರಿಸಿದ್ರಾತಲ್ಲ?" ಎಂದಳು. ಅದಕ್ಕೆ ಕ್ಯಾಶಿಂಗ್ ಎನ್ನುತ್ತಾರೆಂದು ನನಗೂ ಗೊತ್ತಿತ್ತು, ಮಾಡಬೇಕೆಂದು ಹೊಳೆದಿರಲಿಲ್ಲ. ಅವಳು ಮಾಡಿಯೇಬಿಟ್ಟಳು. ಸೈಟು ಥಟ್ಟನೆ ತೆರೆಯತೊಡಗಿತು.

"ಇಕಿ ನೋಡ್ರಿ, ನಮ್ಮ ಸೈಟಿಗೆ ಜೀವಾ ತುಂಬಿದಾಕಿ," ಎಂದು ಮಾಲೀಕರು ಬಂದವರಿಗೆಲ್ಲ ಅವಳನ್ನು ತೋರಿಸುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕುಳಿತ ನನಗೆ ಹೊಟ್ಟೆ ಉರಿಯುತ್ತಿತ್ತು. ಅವಳು ಡಬ್ಬಿಯಿಂದ ಕೊಟ್ಟ ಶೇಂಗಾ ಹೋಳಿಗೆಯನ್ನೂ ಮುಟ್ಟದೆ ಬದಿಗಿಡುತ್ತಿದ್ದೆ.

ಒಂದು ದಿನ ಕೌಜಲಗಿಯಿಂದ ಒಬ್ಬ ಹುಡುಗಿಯ ತಂದೆ ಸಿಟ್ಟಿನಿಂದ ಬಂದರು.

"ಮಗಳ ಮದುವಿ ನಿಶ್ಚೆ ಆಗೇತಿ, ಹೆಸರ ತಗೀರಿ ಅಂತ ಹೇಳಿ ಎಷ್ಟ ದಿನಾ ಆತು? ಇನ್ನೂ ಮಂದಿ ಹುಡುಗಿ ನೋಡಾಕ ಬರ್ತೇವಿ ಅಂತ ಫೋನ್ ಮಾಡಾಕತ್ತಾರ. ನಿನ್ನೆ ಬೀಗರು ಮನ್ಯಾಗ ಕುಂತಾಗ ಬಂತ್ರಿ ಫೋನು! ಅವರಿಗೆ ನಾ ಏನ್ ಹೇಳ್ಲಿ?"

ಹೆಸರನ್ನು ಡೇಟಾಬೇಸಿನಿಂದ ನಾನೇ ತೆಗೆದಿದ್ದೆ. ಆದರೆ ಎಲ್ಲರಿಗೂ ತೋರಿಸಲೆಂದು ಉಳಿಸಿಟ್ಟ ಹಳೆಯ ಪುಟದಲ್ಲಿ ಅವರ ಮಗಳು ಇನ್ನೂ ನಗುತ್ತ ಕುಳಿತಿದ್ದಳು. ಹುಕ್ಕೇರಿಯವಳ ಮುಖ ಬಿಳಿಚಿಕೊಂಡಿತು. ನನಗೆಷ್ಟು ಖುಷಿಯಾಯಿತೆಂದರೆ, ಅದು ಯಾರಿಗೂ ಕಾಣದಿರಲೆಂದು ಕೀಬೋರ್ಡಿನ ಮೇಲೆ ಬಗ್ಗಿದೆ. ಹೆಸರು ತೆಗೆದ ಕೂಡಲೇ ಹಳೆಯ ಪುಟವೂ ಅಳಿಸಿಹೋಗುವಂತೆ ಅವರೆದುರೇ ಪ್ರೋಗ್ರಾಮ್ ತಿದ್ದಿದೆ. ಮಗಳ ಫೋಟೋ ಮಾಯವಾದದ್ದನ್ನು ತಂದೆ ಕಣ್ಣಾರೆ ನೋಡಿದರು.

"ತಪ್ಪ ನಂದ್ರಿ ಕಾಕಾ. ಸರಿ ಮಾಡಿದವರು ನಮ್ಮ ಅಕ್ಕಾರು," ಎಂದು ಅವಳು ನನ್ನತ್ತ ಕೈ ತೋರಿದಳು.

"ಚಲೋ ಆತವಾ," ಎಂದು ಅವರು ನನಗೆ ಕೈ ಮುಗಿದರು. ಮಾಲೀಕರೂ ಶಹಬ್ಬಾಸ್ ಅಂದರು. ಇಷ್ಟು ದಿನ ಬಯಸಿದ್ದು ಸಿಕ್ಕಿತ್ತು. ಆದರೆ ಎಲ್ಲರೆದುರು ಅಷ್ಟು ಸಲೀಸಾಗಿ "ತಪ್ಪು ನಂದು" ಎನ್ನುವುದು ನನ್ನಿಂದಾಗುತ್ತಿತ್ತೇ? ಸಂಜೆ ಬಸ್ ಸ್ಟ್ಯಾಂಡಿಗೆ ಜೊತೆಯಾಗಿ ನಡೆಯುವಾಗ ಅವಳು ಏನೇನೋ ಹರಟುತ್ತಿದ್ದಳು. ಅವಳ ಬುದ್ಧಿಗಿಂತ, ತಪ್ಪನ್ನು ಹಾಗೆ ಒಪ್ಪಿಬಿಡುವ ಆ ಸ್ವಭಾವವೇ ನನ್ನ ಹೊಟ್ಟೆಯನ್ನು ಹೆಚ್ಚು ಉರಿಸಿತು.